ಪದ ಗೊತ್ತು, ವಾಕ್ಯ ಬರಲ್ಲ ಅಂದವರಿಗೆ

ದಿನಾ 20 ಇಂಗ್ಲಿಷ್ ಪದ ಬಾಯಿಪಾಠ ಮಾಡಿದರೂ ಒಂದು ವಾಕ್ಯ ಕಟ್ಟಲು ಆಗುತ್ತಿಲ್ಲ ಅಂತ ಕೇಳಿದ್ದೀರಿ. ಬಿಡಿ ಪದ ಕಲಿಯುವುದನ್ನು ಮೊದಲು ನಿಲ್ಲಿಸಿ. ‘ಡಿಪೆಂಡ್’ ಅಲ್ಲ, ‘ಡಿಪೆಂಡ್ ಆನ್’ ಅಂತಲೇ ಬರೆದುಕೊಳ್ಳಿ. ‘ಡಿಸಿಷನ್’ ಅಲ್ಲ, ‘ಮೇಕ್ ಎ ಡಿಸಿಷನ್’.

ಅನುವಾದ ಮಾಡಲೇಬೇಡಿ ಅನ್ನುವವರು ಜಾಸ್ತಿ. ನಾನಂತೂ ಒಪ್ಪುವುದಿಲ್ಲ. ಇಂಗ್ಲಿಷ್ ಪತ್ರಿಕೆಯ ನಾಲ್ಕೇ ಸಾಲು ಕನ್ನಡಕ್ಕೆ ತನ್ನಿ. ಎರಡು ದಿನ ಬಿಟ್ಟು, ಮೂಲ ನೋಡದೆ, ಅದನ್ನು ವಾಪಸ್ ಇಂಗ್ಲಿಷಿಗೆ ತಿರುಗಿಸಿ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಕೆಂಪು ಪೆನ್ನಲ್ಲಿ ಗುರುತು ಹಾಕಿ. ‘ಎ’, ‘ದ’ ಎಷ್ಟು ಕಡೆ ಬಿಟ್ಟುಹೋಗಿವೆ ನೋಡಿ. ಕನ್ನಡದಲ್ಲಿ ಅವು ಇಲ್ಲವೇ ಇಲ್ಲ, ಅಲ್ವಾ? ಕ್ರಿಯಾಪದವೂ ನಮ್ಮಲ್ಲಿ ಕೊನೆಗೆ ಬರುತ್ತದೆ, ಅಲ್ಲೂ ಎಡವುತ್ತೇವೆ.

ನಿಘಂಟು ಬೇಕಿದ್ದರೆ ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್-ಇಂಗ್ಲಿಷ್ ನಿಘಂಟು ಇಟ್ಟುಕೊಳ್ಳಿ. ಉದಾಹರಣೆ ವಾಕ್ಯಗಳು ಅದರಲ್ಲೇ ಸಿಗುತ್ತವೆ.