ದರೆ ಪಕ್ಕದ ಮನೆಗೆ ಮಳೆ ಸೆನ್ಸರ್

ಪ್ರಶ್ನೆ: ನಮ್ಮ ಮನೆ ಹಿಂದೆ ಮೂವತ್ತು ಅಡಿ ಎತ್ತರದ ದರೆ (ಗುಡ್ಡ ಕಡಿದಾಗ ಉಳಿದ ಮಣ್ಣಿನ ಗೋಡೆ) ಇದೆ, ಮಳೆಗೆ ಕುಸಿದೀತೆಂಬ ಭಯ. ಮೊಬೈಲಿಗೆ ಬರುವುದು ಇಡೀ ಜಿಲ್ಲೆಯ ಮುನ್ಸೂಚನೆ. ಕಡಿಮೆ ಬೆಲೆಯ ಮಳೆ ಸೆನ್ಸರ್ ತರಿಸೋಣ ಅಂತಾನೆ ಮಗ. ನಂಬಬಹುದೇ?
– ಕಾಫಿ ಬೆಳೆಗಾರರು, ಮೂಡಿಗೆರೆ ತಾಲ್ಲೂಕು

ಉತ್ತರ: ತರಿಸಿ. ಆದರೆ ಅದೊಂದನ್ನೇ ನಂಬಿ ಮಲಗಬೇಡಿ.

ಆ ಡಬ್ಬಿಯೊಳಗೆ ಇರುವುದು ತಕ್ಕಡಿಯಂತೆ ತೂಗುವ ಜೋಡಿ ಬಟ್ಟಲು. ಒಂದು ತುಂಬಿದೊಡನೆ ಟಕ್ಕೆಂದು ವಾಲಿ ನೀರು ಚೆಲ್ಲುತ್ತದೆ, ಇನ್ನೊಂದು ಮೇಲೆ ಬರುತ್ತದೆ. ಒಂದು ಟಕ್ಕಿಗೆ ಸಾಮಾನ್ಯವಾಗಿ 0.2ರಿಂದ 0.3 ಮಿ.ಮೀ.; ನಮ್ಮ ತೋಟದ ಲೆಕ್ಕದಲ್ಲಿ ಸುಮಾರು ಒಂದು ಸೆಂಟು (ಇಂಚಿನ ನೂರರಲ್ಲೊಂದು ಪಾಲು) ಮಳೆ.

ಹೋದ ಆಷಾಢದಲ್ಲೊಂದು ಬೆಳಿಗ್ಗೆ ನನ್ನದು 22 ಮಿ.ಮೀ. ತೋರಿಸುತ್ತಿತ್ತು. ಪಕ್ಕದಲ್ಲೇ ಇಟ್ಟಿದ್ದ ಹಳೇ ಮಳೆಮಾಪಕದಲ್ಲಿ ನಾಲ್ಕು ಇಂಚು, ಅಂದರೆ 100 ಮಿ.ಮೀ. ದಾಟಿತ್ತು! ಮುಚ್ಚಳ ತೆಗೆದು ನೋಡಿದರೆ ಆಲಿಕೆಯ ಕಂಡಿಗೆ ಸಿಲ್ವರ್ ಮರದ ಎಲೆ ಅಂಟಿಕೊಂಡಿತ್ತು. ರಾತ್ರಿಯಿಡೀ ಎಚ್ಚರಿಕೆಯ ಸದ್ದೇ ಬಂದಿರಲಿಲ್ಲ. ನೆನೆದರೆ ಈಗಲೂ ಎದೆ ನಡುಗುತ್ತದೆ. ಅಂದಿನಿಂದ ಕತ್ತಲಾಗುವ ಮೊದಲು ಆಲಿಕೆ ನೋಡದೆ ಒಳಗೆ ಹೋಗುವುದಿಲ್ಲ. ಹಳೇ ಮಾಪಕವನ್ನು ನೀವೂ ಎಸೆಯಬೇಡಿ.

ತಂದ ದಿನವೇ ಪರೀಕ್ಷಿಸಿ. ಆಲಿಕೆಯ ಬಾಯಿ 20 ಸೆಂ.ಮೀ. ಅಗಲವಿದ್ದರೆ 314 ಮಿ.ಲೀ. ನೀರು 10 ಮಿ.ಮೀ. ಮಳೆಗೆ ಸಮ. ಅಷ್ಟನ್ನು ಮುಚ್ಚಳಕ್ಕೆ ತೂತು ಹಾಕಿದ ಬಾಟಲಿಯಿಂದ ಅರ್ಧ ಗಂಟೆ ತೊಟ್ಟಿಕ್ಕಿಸಿ, 10ರ ಆಸುಪಾಸು ಬರಬೇಕು. ಜೋರು ಮಳೆಯಲ್ಲಿ ಬಟ್ಟಲು ವಾಲುವಷ್ಟರಲ್ಲಿ ಒಂದಿಷ್ಟು ನೀರು ಲೆಕ್ಕ ತಪ್ಪುತ್ತದೆ. ಹಾಗಾಗಿ ತೋರಿಸಿದ್ದಕ್ಕಿಂತ ಹೆಚ್ಚೇ ಬಿದ್ದಿದೆ ಎಂದುಕೊಳ್ಳಿ.

ಒಂಟಿ ಮನೆಗಿಂತ ಊರಿನ ನಾಲ್ಕೈದು ಮನೆಯವರು ಸೇರಿ ಅಳೆದರೆ ಇನ್ನೂ ಒಳ್ಳೆಯದು. ನಮ್ಮ ನೆರೆಯ ವಯನಾಡಿನಲ್ಲಿ ಹ್ಯೂಮ್ ಎಂಬ ಪರಿಸರ ಅಧ್ಯಯನ ಕೇಂದ್ರದವರು ಊರೂರಲ್ಲಿ ಮಳೆಮಾಪಕ ಇಟ್ಟು ದಿನದಿನದ ಲೆಕ್ಕ ಕೂಡಿಸುತ್ತಾರೆ. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ ಗುಡ್ಡ ಕುಸಿಯಿತು. ಅಪಾಯವಿದೆ ಎಂದು ಅವರು ಹಿಂದಿನ ದಿನವೇ ಹೇಳಿದ್ದರು. ನೀವೂ ಒಂದೇ ರಾತ್ರಿಯ ಮಳೆ ನೋಡಬೇಡಿ, ಎರಡು ಮೂರು ದಿನದ್ದನ್ನು ಕೂಡಿಸಿ ಬರೆದಿಡಿ. ನೆಂದು ಭಾರವಾದ ಮಣ್ಣಿಗೆ ಆಮೇಲೆ ಬೀಳುವ ಎರಡಿಂಚೂ ಹೆಚ್ಚೇ.

ನಿಮ್ಮ ದರೆ ಎಷ್ಟು ಮಳೆಗೆ ಜಾರುತ್ತದೆ ಎಂಬುದನ್ನು ಮಾತ್ರ ಈ ಡಬ್ಬಿ ಹೇಳದು. ದರೆಯ ನೆತ್ತಿಯಲ್ಲಿ ಬಿರುಕು ಕಂಡರೆ, ಬೇಲಿ ಕಂಬ ವಾಲಿದರೆ, ತಿಳಿಯಾಗಿದ್ದ ಒರತೆ ಒಮ್ಮೆಲೇ ಕೆಂಪಾದರೆ, ಸೆನ್ಸರ್ ಏನೇ ತೋರಿಸಲಿ, ಮನೆಯವರನ್ನೆಲ್ಲ ಎಬ್ಬಿಸಿಕೊಂಡು ಹೊರಡಿ. ದನಗಳ ಹಗ್ಗ ಬಿಚ್ಚಿಬಿಡಿ.