ಹಕ್ಕಿಮನೆ ಪ್ರಶ್ನೋತ್ತರ: ಕಾಗದ ಸೀಳಿ ಬೆನ್ನಿಗೆ ಸಿಕ್ಕಿಸಿಕೊಳ್ಳುವ ಪುಟ್ಟಿ

ಪ್ರಶ್ನೆ: ನಮ್ಮ ಮನೆಯಲ್ಲಿರುವುದು ಒಂದೇ ಲವ್ ಬರ್ಡ್, ಹೆಸರು ಪುಟ್ಟಿ. ಹಸಿರು ಮೈ, ಗುಲಾಬಿ ಮುಖ, ಎರಡು ವರ್ಷ ವಯಸ್ಸು. ಒಂದು ತಿಂಗಳಿಂದ ದಿನಪತ್ರಿಕೆಯನ್ನು ಅಳತೆ ಹಿಡಿದಂತೆ ಉದ್ದುದ್ದ ಸೀಳಿ, ಆ ಪಟ್ಟಿಗಳನ್ನು ಬೆನ್ನಿನ ಗರಿಗಳಿಗೆ ಸಿಕ್ಕಿಸಿಕೊಂಡು ಬೀರುವಿನ ಅಡಿಗೆ ನುಗ್ಗುತ್ತದೆ. ಮೊದಲು ಮಗಳ ಹೆಗಲ ಮೇಲೇ ತೂಕಡಿಸುತ್ತಿದ್ದ ಹಕ್ಕಿ ಈಗ ರಕ್ತ ಬರುವಂತೆ ಕಚ್ಚುತ್ತದೆ. ಕಳೆದ ವಾರ ಎರಡು ಮೊಟ್ಟೆ ಇಟ್ಟಿದೆ. ಗಂಡಿಲ್ಲದೆ ಮೊಟ್ಟೆ ಹೇಗೆ? ಜೋಡಿ ತರದಿದ್ದರೆ ಕೊರಗಿ ಸಾಯುತ್ತದೆ ಎನ್ನುತ್ತಾರೆ ನಮ್ಮ ಅತ್ತೆ.
– ಓದುಗರು, ರಾಜಾಜಿನಗರ

ಉತ್ತರ: ಪುಟ್ಟಿ ಬಾಣಂತನದ ಕೋಣೆ ಸಿದ್ಧಮಾಡಿಕೊಳ್ಳುತ್ತಿದ್ದಾಳೆ. ನಿಮ್ಮ ಪತ್ರ ಓದಿದಾಗ ನನ್ನ ಮೊದಲ ಹಕ್ಕಿ ಕಣ್ಣ ಮುಂದೆ ಬಂದಿತು. ನಾನು ಪಶುವೈದ್ಯೆಯಲ್ಲ, ತ್ಯಾಗರಾಜನಗರದ ಮನೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಈ ಹಕ್ಕಿಗಳನ್ನು ಸಾಕುತ್ತಿರುವವಳು. ಆ ಮೊದಲ ಹಕ್ಕಿ ನನ್ನ ಹತ್ತನೆಯ ತರಗತಿಯ ಉತ್ತರಪತ್ರಿಕೆಗಳ ಅಂಚನ್ನು ಹೀಗೆಯೇ ಸೀಳಿ ಹೊತ್ತೊಯ್ದಿತ್ತು.

ಗುಲಾಬಿ ಮುಖದ ಈ ಜಾತಿಯ ತವರು ನಮೀಬಿಯಾ ಮತ್ತು ಅದರ ನೆರೆಯ ಒಣ ಸೀಮೆ. ಅಲ್ಲಿ ಇವು ಬಂಡೆಯ ಬಿರುಕುಗಳಲ್ಲಿ, ಇಲ್ಲವೇ ಬೇರೆ ಹಕ್ಕಿಗಳು ಹೆಣೆದ ದೊಡ್ಡ ಗೂಡುಗಳ ಪೊಟರೆಗಳಲ್ಲಿ ಮೊಟ್ಟೆ ಇಡುತ್ತವೆ. ಹೆಣ್ಣು ಎಲೆಯನ್ನೋ ತೊಗಟೆಯನ್ನೋ ಕೊಕ್ಕಿನಿಂದ ಪಟ್ಟಿಯಾಗಿ ಕತ್ತರಿಸಿ, ಸೊಂಟದ ಗರಿಗಳ ನಡುವೆ ಸಿಕ್ಕಿಸಿಕೊಂಡು ಹಾರುತ್ತದೆ. ನಿಮ್ಮ ಬೀರುವಿನ ಅಡಿಯ ಕತ್ತಲು ಪುಟ್ಟಿಯ ಪಾಲಿಗೆ ಬಂಡೆಯ ಬಿರುಕು. ಇದನ್ನು ಅವಳಿಗೆ ಯಾರೂ ಕಲಿಸಿಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿಲಿಯಂ ಡಿಲ್ಗರ್ ಎಂಬ ವಿಜ್ಞಾನಿ 1962ರಲ್ಲಿ ಈ ಹಕ್ಕಿಗಳ ಬಗ್ಗೆ ಬರೆದದ್ದು ಇಂದಿಗೂ ನನ್ನನ್ನು ಬೆರಗುಗೊಳಿಸುತ್ತದೆ. ಗರಿಗೆ ಸಿಕ್ಕಿಸಿ ಒಯ್ಯುವ ಈ ಜಾತಿಯನ್ನೂ, ಕೊಕ್ಕಿನಲ್ಲೇ ಕಚ್ಚಿ ಒಯ್ಯುವ ಫಿಶರ್ ಎಂಬ ಇನ್ನೊಂದು ಲವ್ ಬರ್ಡ್ ಜಾತಿಯನ್ನೂ ಅವರು ಕೂಡಿಸಿದರು. ಹುಟ್ಟಿದ ಮಿಶ್ರತಳಿ ಮರಿಗಳು ದೊಡ್ಡವಾದಾಗ ಗೊಂದಲಕ್ಕೆ ಬಿದ್ದವು. ಪಟ್ಟಿಯನ್ನು ಗರಿಗೆ ಸಿಕ್ಕಿಸಲು ಹೋಗುತ್ತಿದ್ದವು, ಆದರೆ ಅದು ನಿಲ್ಲದೆ ಜಾರಿ ಬೀಳುತ್ತಿತ್ತು. ಕೊಕ್ಕಿನಲ್ಲಿ ಒಯ್ಯುವುದನ್ನು ಕಲಿಯಲು ಅವಕ್ಕೆ ವರ್ಷಗಳೇ ಬೇಕಾದವು. ಕಲಿತ ಮೇಲೂ ಹಾರುವ ಮುನ್ನ ಒಮ್ಮೆ ಬೆನ್ನ ಕಡೆಗೆ ತಲೆ ತಿರುಗಿಸುತ್ತಿದ್ದವು. ಇಷ್ಟು ಆಳದಲ್ಲಿರುವುದನ್ನು ಗದರಿಸಿ ಬಿಡಿಸಲು ಹೋಗಬೇಡಿ.

ಕೋಳಿಯಂತೆಯೇ ಇವೂ ಗಂಡಿನ ಸಂಗವಿಲ್ಲದೆ ಮೊಟ್ಟೆ ಇಡುತ್ತವೆ. ಆ ಮೊಟ್ಟೆಗಳಿಂದ ಮರಿಯಾಗುವುದಿಲ್ಲ, ನಿಜ. ಆದರೂ ಅವನ್ನು ಎತ್ತಿ ಬಿಸಾಡಬೇಡಿ. ತೆಗೆದಷ್ಟೂ ಎಣಿಕೆ ತುಂಬಿಸಲು ಮತ್ತೆ ಮತ್ತೆ ಇಡುತ್ತಾಳೆ, ಒಂದೊಂದು ಚಿಪ್ಪಿಗೂ ಅವಳ ಮೂಳೆಯ ಸುಣ್ಣ ಖರ್ಚಾಗುತ್ತದೆ. ಕಾವಿಗೆ ಕುಳಿತುಕೊಳ್ಳಲು ಬಿಡಿ. ಮರಿಯಾಗಲು ಬೇಕಾಗುವ ಕಾಲ ಸುಮಾರು 23 ದಿನ, ಅದು ಕಳೆದು ಸ್ವಲ್ಪ ದಿನಗಳಲ್ಲಿ ತಾನೇ ಎದ್ದು ಬರುತ್ತಾಳೆ. ಅಲ್ಲಿಯವರೆಗೆ ಹಕ್ಕಿ ಅಂಗಡಿಯಲ್ಲಿ ಸಿಗುವ ಕಟಲ್ ಮೀನಿನ ಬಿಳಿ ಮೂಳೆಯನ್ನು ಪಂಜರಕ್ಕೆ ಕಟ್ಟಿ. ನವಣೆಯ ಜೊತೆಗೆ ನುಗ್ಗೆ ಸೊಪ್ಪು ಕೊಡಿ. ಮಗಳಿಗೆ ಹೇಳಿ, ಗೂಡಿಗೆ ಕೈ ಹಾಕುವುದು ಬೇಡ. ಕಚ್ಚುವುದು ಮೊಟ್ಟೆಯ ಕಾವಲಿಗಾಗಿ, ಅವಳ ಮೇಲಿನ ಪ್ರೀತಿ ಹಾಗೆಯೇ ಇದೆ.

ಕಾವು ಮುಗಿದ ಮೇಲೆ ಬೀರುವಿನ ಅಡಿಯನ್ನು ಹಲಗೆಯಿಂದ ಮುಚ್ಚಿ, ಪಂಜರದಲ್ಲಿ ಮಡಕೆ ಕಟ್ಟಿದ್ದರೆ ಬಿಚ್ಚಿಡಿ, ಕಾಗದ ಸಿಗದಂತೆ ನೋಡಿಕೊಳ್ಳಿ. ರಾತ್ರಿ ಹನ್ನೊಂದರವರೆಗೆ ಟ್ಯೂಬ್‌ಲೈಟ್ ಉರಿಯುವ ಮನೆಯಲ್ಲಿ ಹಕ್ಕಿಗೆ ಸದಾ ದೀರ್ಘ ಹಗಲು, ಸದಾ ಮರಿ ಮಾಡುವ ಕಾಲ. ಸಂಜೆ ಏಳಕ್ಕೆ ಪಂಜರದ ಮೇಲೆ ಬಟ್ಟೆ ಹೊದಿಸಿ. ಬೆನ್ನು ಸವರುವುದನ್ನೂ ನಿಲ್ಲಿಸಿ, ಹಕ್ಕಿ ಅದನ್ನು ಸಂಗಾತಿಯ ಕರೆ ಎಂದೇ ತಿಳಿಯುತ್ತದೆ; ತಲೆ, ಕತ್ತು ಮಾತ್ರ ಸಾಕು. ಒಂದು ಎಚ್ಚರಿಕೆ: ಅವಳು ಗರಿ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕುಳಿತು, ಬಾಲ ಮೇಲೆ ಕೆಳಗೆ ಆಡಿಸುತ್ತ ತಿಣುಕುತ್ತಿದ್ದರೆ ಮೊಟ್ಟೆ ಒಳಗೇ ಸಿಕ್ಕಿಕೊಂಡಿದೆ ಎಂದರ್ಥ. ನಾಳೆ ನೋಡೋಣ ಎನ್ನಬೇಡಿ, ಅದೇ ಗಳಿಗೆಯಲ್ಲಿ ಹಕ್ಕಿಗಳನ್ನು ನೋಡುವ ಪಶುವೈದ್ಯರಲ್ಲಿಗೆ ಹೊರಡಿ.

ನಿಮ್ಮ ಅತ್ತೆಯವರ ಕಳಕಳಿ ದೊಡ್ಡದು, ಆದರೆ ಒಂಟಿ ಹಕ್ಕಿ ಸಾಯುತ್ತದೆ ಎಂಬುದು ಸುಳ್ಳು. ದಿನಕ್ಕೆ ಒಂದೆರಡು ಗಂಟೆ ಮನೆಯವರ ಸಂಗ ಸಿಕ್ಕರೆ ಸಾಕು, ಅದು ನಿಮ್ಮನ್ನೇ ಬಳಗ ಮಾಡಿಕೊಳ್ಳುತ್ತದೆ. ಈ ಜಾತಿಯಲ್ಲಿ ಗಂಡು ಹೆಣ್ಣು ನೋಡಲು ಒಂದೇ ತರಹ; ಗುರುತಿಸಲು ಗರಿಯ ಡಿಎನ್‌ಎ ಪರೀಕ್ಷೆಯೇ ಬೇಕು. ಗಂಡೆಂದು ಹೇಳಿ ಮಾರಿದ್ದು ಇನ್ನೊಂದು ಹೆಣ್ಣಾಗಿದ್ದರೆ ಅವು ಕಾಲ್ಬೆರಳು ತುಂಡಾಗುವವರೆಗೂ ಕಾದಾಡಬಲ್ಲವು. ನಾನು ನೋಡಿದ್ದೇನೆ.

ಪ್ರಶ್ನೆ: ರಸೆಲ್ ಮಾರುಕಟ್ಟೆಯ ಬಳಿ ನಾಲ್ಕು ಲವ್ ಬರ್ಡ್ಸ್ ತಂದೆವು, ಎರಡು ನೀಲಿ, ಎರಡು ಹಳದಿ. ಇವು ಕಾಗದ ಮುಟ್ಟುವುದೇ ಇಲ್ಲ. ಒಂದು ಮಾತ್ರ ಕನ್ನಡಿಯ ಮುಂದೆ ತಲೆ ಕುಣಿಸಿ ತಿಂದ ಕಾಳನ್ನು ಕಕ್ಕುತ್ತದೆ. ಕಾಯಿಲೆಯೇ?
– ಓದುಗರು, ಫ್ರೇಜರ್ ಟೌನ್

ಉತ್ತರ: ನಿಮ್ಮಲ್ಲಿರುವುದು ಬಜರಿಗರ್ ಹಕ್ಕಿಗಳು ಎಂದು ನನ್ನ ಅಂದಾಜು. ಬೆಂಗಳೂರಿನ ಅಂಗಡಿಗಳಲ್ಲಿ ಲವ್ ಬರ್ಡ್ಸ್ ಎಂದರೆ ಬಹುಪಾಲು ಇವೇ. ನಿಜವಾದ ಲವ್ ಬರ್ಡನ್ನು ‘ಆಫ್ರಿಕನ್’ ಎಂದು ಸೇರಿಸಿ ಕರೆಯುತ್ತಾರೆ. ಬಜರಿಗರ್ ಆಸ್ಟ್ರೇಲಿಯಾದ್ದು. ಉದ್ದ ಬಾಲ, ರೆಕ್ಕೆಯ ಮೇಲೆ ಅಲೆಅಲೆಯ ಗೆರೆ ಇದ್ದರೆ ಅನುಮಾನವೇ ಬೇಡ. ಕೊಕ್ಕಿನ ಬುಡದಲ್ಲಿ ಮೂಗಿನ ಹೊಳ್ಳೆಗಳಿರುವ ಮೆತ್ತನೆಯ ಭಾಗ ನೀಲಿಯಾಗಿದ್ದರೆ ಸಾಮಾನ್ಯವಾಗಿ ಗಂಡು, ಕಂದಾಗಿದ್ದರೆ ಹೆಣ್ಣು. ಹೆಣ್ಣಿಗೆ ತುತ್ತು ಉಣಿಸುವುದು ಗಂಡಿನ ಪ್ರಣಯದ ರೀತಿ. ನಿಮ್ಮದು ಕನ್ನಡಿಯೊಳಗಿನ ಹಕ್ಕಿಗೆ ಉಣಿಸುತ್ತಿದೆ, ಅದು ಎಂದೂ ಉಣ್ಣುವುದಿಲ್ಲ. ಪಾಪ, ಕನ್ನಡಿ ತೆಗೆದುಬಿಡಿ. ತಲೆಯನ್ನು ಅಕ್ಕಪಕ್ಕ ಒದರಿ ಕಾಳನ್ನು ಎರಚಿ, ನೆತ್ತಿಯ ಗರಿಗಳೆಲ್ಲ ಅಂಟಂಟಾಗಿದ್ದರೆ ಮಾತ್ರ ಅದು ಕಾಯಿಲೆಯ ವಾಂತಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ನಮ್ಮ ಹಕ್ಕಿ ಬೆಣ್ಣೆಹಣ್ಣಿಗೆ ಆಸೆಪಡುತ್ತದೆ. ಕೊಡಬಹುದೇ?
– ಓದುಗರು, ಜಯನಗರ

ಉತ್ತರ: ಖಂಡಿತ ಬೇಡ. ಬೆಣ್ಣೆಹಣ್ಣು ಹಕ್ಕಿಗಳಿಗೆ ವಿಷ, ಹೃದಯಕ್ಕೆ ಹೊಡೆತ. ಚಾಕೊಲೇಟ್ ಕೂಡ ಬೇಡ. ಸೀಬೆ, ಬೀಜ ತೆಗೆದ ಸೇಬು ಕೊಡಿ.

ಪ್ರಶ್ನೆ: ನಾನು ಕಣ್ಮರೆಯಾದರೆ ಸಾಕು, ನಮ್ಮ ಲವ್ ಬರ್ಡ್ ಕಿವಿ ತೂತಾಗುವಂತೆ ಕಿರುಚುತ್ತದೆ. ಪಕ್ಕದ ಫ್ಲಾಟಿನವರು ದೂರುತ್ತಿದ್ದಾರೆ. ಅದಕ್ಕೇ ಪಂಜರವನ್ನು ಅಡುಗೆಮನೆಯಲ್ಲೇ ಇಟ್ಟುಕೊಂಡಿದ್ದೇನೆ, ಈಗ ಸುಮ್ಮನಿದೆ. ಸರಿಯೇ?
– ಓದುಗರು, ಬನಶಂಕರಿ

ಉತ್ತರ: ಇವು ಗುಂಪಿನಲ್ಲಿ ಬದುಕುವ ಹಕ್ಕಿಗಳು. ಬಳಗದವರು ಕಾಣದಿದ್ದಾಗ ‘ಎಲ್ಲಿದ್ದೀಯ?’ ಎಂದು ಕೂಗುತ್ತವೆ, ‘ಇಲ್ಲಿದ್ದೇನೆ’ ಎಂಬ ಮರುದನಿ ಬರುವವರೆಗೂ ನಿಲ್ಲಿಸುವುದಿಲ್ಲ. ಕಿರುಚಿದ ಮೇಲೆ ಓಡಿ ಬಂದರೆ ಕಿರುಚಿದರೆ ಬರುತ್ತಾರೆ ಎಂದು ಕಲಿಯುತ್ತದೆ. ಅದು ಇನ್ನೂ ಮೆಲ್ಲಗೆ ಕರೆಯುತ್ತಿರುವಾಗಲೇ ಒಂದೇ ಬಗೆಯ ಶಿಳ್ಳೆಯಿಂದ ಉತ್ತರಿಸಿ. ನನ್ನ ಹಕ್ಕಿಗಳಿಗೆ ಇದು ರೂಢಿಯಾಗಲು ಮೂರು ವಾರ ಹಿಡಿಯಿತು.

ಆದರೆ ಅಡುಗೆಮನೆ ಮಾತ್ರ ಬೇಡ, ದಯವಿಟ್ಟು. 2009ರಲ್ಲಿ ನಾನೂ ಪಂಜರವನ್ನು ಒಲೆಯ ಪಕ್ಕದ ಕಿಟಕಿಗೆ ತೂಗುಹಾಕಿದ್ದೆ. ಒಂದು ಬೆಳಿಗ್ಗೆ ನಾನ್‌ಸ್ಟಿಕ್ ಕಾವಲಿಯನ್ನು ಉರಿಯ ಮೇಲಿಟ್ಟು ಹಾಲಿನವನ ಜೊತೆ ಮಾತಿಗೆ ನಿಂತೆ. ಮರಳಿ ಬಂದಾಗ ಚಿನ್ನಿ ಪಂಜರದ ತಳದಲ್ಲಿ ಬಾಯಿ ತೆರೆದು ಮೇಲುಸಿರು ಬಿಡುತ್ತಿದ್ದಳು. ಬೊಗಸೆಯಲ್ಲಿ ಎತ್ತಿಕೊಂಡು ಬೀದಿಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬರಿದೇ ಕಾದ ನಾನ್‌ಸ್ಟಿಕ್ ಲೇಪದಿಂದ ಏಳುವ ಅನಿಲ ನಮ್ಮ ಮೂಗಿಗೆ ತಿಳಿಯದಿದ್ದರೂ, ಒಂದೊಂದು ಉಸಿರಿನಿಂದಲೂ ನಮಗಿಂತ ಹೆಚ್ಚು ಪಾಲು ಆಮ್ಲಜನಕ ಹೀರಿಕೊಳ್ಳುವ ಹಕ್ಕಿಯ ಶ್ವಾಸಕೋಶವನ್ನು ನಿಮಿಷಗಳಲ್ಲಿ ಸುಡುತ್ತದೆ. ಅಂದಿನಿಂದ ನಮ್ಮಲ್ಲಿ ದೋಸೆಯಾಗುವುದು ಬೀಡು ಕಬ್ಬಿಣದ ಕಾವಲಿಯ ಮೇಲೆ. ಪಂಜರವನ್ನು ಇಂದೇ ನಡುಮನೆಗೆ ಸಾಗಿಸಿ, ಅಡುಗೆಮನೆಯ ಬಾಗಿಲು ಮುಚ್ಚಿಕೊಳ್ಳಿ, ಒಗ್ಗರಣೆ ಹಾಕುತ್ತಲೇ ಒಂದು ಶಿಳ್ಳೆ ಹಾಕಿ. ಗೋಡೆಯಾಚೆಗೂ ಅದಕ್ಕೆ ಕೇಳಿಸುತ್ತದೆ.