ಓದುಗರ ಪ್ರಶ್ನೆ: ಹಳೇ ಸಾಮಾನು, ಹಿತ್ತಲ ಶೆಡ್ಡು

ಪ್ರಶ್ನೆ: ಹಳೇ ಮನೆ ಕೆಡವಿದಾಗ ಹತ್ತು ಅಡಿಯ ಎಂಟು ಸಾಗವಾನಿ ಜಂತಿ, ಹತ್ತು ಅಡಿಯ ಆರು ಪತ್ರಾಸು (ಚಾವಣಿಯ ತಗಡು), ಒಂದು ಬಾಗಿಲ ಚೌಕಟ್ಟು, ಒಂದು ಟ್ರ್ಯಾಲಿ ಇಟ್ಟಿಗೆ ಉಳಿದಿವೆ. ಹಿತ್ತಲಲ್ಲಿ 15×10 ಅಡಿ ಶೆಡ್ಡು ಹಾಕಬೇಕೆಂದು ಸುಣ್ಣದ ಗೆರೆ ಎಳೆದಿದ್ದೇನೆ. ಸಾಮಾನು ಸಾಲುತ್ತದೆಯೇ? (ಬೀಳಗಿಯ ಓದುಗರು)

ಉತ್ತರ: ಸಾಲುವುದಿಲ್ಲ. ಗೆರೆ ಅಳಿಸಿ, ಮೊದಲು ಪತ್ರಾಸು ಅಳೆಯಿರಿ. ಹೊಸ ಸಾಮಾನಾದರೆ ಅಳತೆಗೆ ತಕ್ಕಂತೆ ತರಬಹುದು. ಹಳೆಯದಾದರೆ ಸಾಮಾನು ಹೇಳಿದ ಅಳತೆಗೇ ಶೆಡ್ಡು ಏಳಬೇಕು.

ನಮ್ಮ ಕಡೆ ಹಳೇ ಮನೆಗಳಲ್ಲಿ ಸಿಗುವ ಅಲೆ ಅಲೆಯ ಪತ್ರಾಸು ಸಾಮಾನ್ಯವಾಗಿ 32 ಇಂಚು ಅಗಲ, ಹತ್ತು ಉಬ್ಬು, ಉಬ್ಬಿನಿಂದ ಉಬ್ಬಿಗೆ 3 ಇಂಚು. ಒಂದರ ಮೇಲೊಂದು ಒಂದೂವರೆ ಉಬ್ಬು ಹಾಯಬೇಕು. ಅಂದರೆ ಪ್ರತಿ ಜೋಡಣೆಯಲ್ಲಿ ನಾಲ್ಕೂವರೆ ಇಂಚು ಹೋಯಿತು. ಆರು ಪತ್ರಾಸು ಸೇರಿ ಮುಚ್ಚುವುದು 14 ಅಡಿ ಮಾತ್ರ. ಎರಡೂ ಬದಿಗೆ ಅರ್ಧರ್ಧ ಅಡಿ ಹೊರಚಾಚು ಬಿಟ್ಟರೆ ಶೆಡ್ಡಿನ ಉದ್ದ 13 ಅಡಿ. ಪತ್ರಾಸಿನ ಉದ್ದ ಹತ್ತು ಅಡಿಯಲ್ಲಿ ಮುಂದೆ ಹಿಂದೆ 9 ಇಂಚು ಬಿಟ್ಟರೆ ಅಗಲ ಎಂಟೂವರೆ ಅಡಿ. ನಿಮ್ಮ ಶೆಡ್ಡು 13×8½.

ಜಂತಿಯ ಲೆಕ್ಕವೂ ಇದಕ್ಕೆ ಕೂಡುತ್ತದೆ. ಗೋಡೆಯೊಳಗೆ ಹೂತಿದ್ದ ತುದಿಯೇ ಮೊದಲು ಕೆಡುವುದು, ಹೊರಗಿನಿಂದ ಗಟ್ಟಿಯಾಗಿ ಕಂಡರೂ. ಆ ತುದಿಗೆ ಸ್ಕ್ರೂಡ್ರೈವರ್ ಒತ್ತಿ ನೋಡಿ; ಕಾಲು ಇಂಚಿಗಿಂತ ಹೆಚ್ಚು ಇಳಿದರೆ ಗಟ್ಟಿ ಮರ ಸಿಗುವವರೆಗೆ ಕೊಯ್ಯಿರಿ. ಉಳಿದ ಭಾಗಕ್ಕೆ ಸುತ್ತಿಗೆಯಿಂದ ತಟ್ಟುತ್ತ ಹೋಗಿ. ಟಣ್ ಅನ್ನದೆ ಬೊದ್ದ್ ಅಂದ ಕಡೆ ಒಳಗೆ ಗೆದ್ದಲು ತಿಂದಿರುತ್ತದೆ. ಒಂದು ಅಡಿ ಕೊಯ್ದರೂ 9 ಅಡಿ ಉಳಿಯುತ್ತದೆ, ಎಂಟೂವರೆಗೆ ಬೇಕಾದಷ್ಟಾಯಿತು. ಎಂಟರಲ್ಲಿ ಗಟ್ಟಿ ಇರುವ ನಾಲ್ಕನ್ನು ಇಳಿಜಾರಿನ ಉದ್ದಕ್ಕೆ, 4 ಅಡಿ 4 ಇಂಚಿಗೊಂದರಂತೆ, ಅಗಲದ ಮೈ ನೆಟ್ಟಗೆ ನಿಲ್ಲುವಂತೆ ಹಾಕಿ. ಕೊಯ್ಯುವ ಮೊದಲು ಉದ್ದಕ್ಕೂ ಅಯಸ್ಕಾಂತ ಆಡಿಸಿ. ತಲೆ ಮುರಿದ ಮೊಳೆ ಕಣ್ಣಿಗೆ ಕಾಣುವುದಿಲ್ಲ, ಗರಗಸದ ಹಲ್ಲಿಗೆ ಸಿಗುತ್ತದೆ.

ಜಂತಿಯ ಮೇಲೆ ಅಡ್ಡಲಾಗಿ ನಾಲ್ಕು ಸಾಲು ಪೈಪು ಇಲ್ಲವೇ ಆಂಗಲ್ (ಎಲ್ ಆಕಾರದ ಕಬ್ಬಿಣದ ಪಟ್ಟಿ), ಸಾಲಿನಿಂದ ಸಾಲಿಗೆ 2 ಅಡಿ 10 ಇಂಚು. ಕಂಬ ಎಂಟು: ಗುಜರಿಯಲ್ಲಿ ಸಿಗುವ ಎರಡು ಇಂಚಿನ ಹಳೇ ಪೈಪು ಸಾಕು. ಕೊಳ್ಳುವಾಗ ಕೊಯ್ದ ತುದಿಯ ದಪ್ಪ ನೋಡಿ. ಒಳಗಡೆ ತುಕ್ಕಿನ ಹಕ್ಕಳೆ ಉದುರುತ್ತಿದ್ದರೆ ಬಿಡಿ. ಹಿಂದಿನ ಕಂಬ ನೆಲದಿಂದ 7 ಅಡಿ, ಮುಂದಿನದು ಎಂಟೂವರೆ. ಇಷ್ಟು ಇಳಿಜಾರಿದ್ದರೆ ನೀರು ಮೇಲೆ ನಿಲ್ಲುವುದಿಲ್ಲ.

ಪ್ರಶ್ನೆ: ನಮ್ಮ ಓಣಿಯ ಎಲ್ಲರೂ ಪತ್ರಾಸಿನ ಮೇಲೆ ದಪ್ಪ ದಪ್ಪ ಕಲ್ಲು ಹೇರಿದ್ದಾರೆ. ಕೊಂಡಿ, ಬೋಲ್ಟಿನ ಖರ್ಚು ಉಳಿಯುತ್ತದೆ ಅನ್ನುತ್ತಾರೆ. ನಾವೂ ಹಾಗೇ ಮಾಡಬಹುದೇ? (ಮುದ್ದೇಬಿಹಾಳದ ಓದುಗರು)

ಉತ್ತರ: ದಯವಿಟ್ಟು ಮಾಡಬೇಡಿ. ಮೇಲಿನ 14×10 ಅಡಿಯ ಚಾವಣಿಯನ್ನೇ ತೆಗೆದುಕೊಳ್ಳಿ. ಅರ್ಧ ಮಿಲಿಮೀಟರ್ ದಪ್ಪದ ಆರು ಪತ್ರಾಸು ಸೇರಿ ತೂಕ 65 ಕಿಲೋ. ಬೇಸಿಗೆಯ ಅಡ್ಡಮಳೆಗೆ ಮೊದಲು ಬರುವ ಗಾಳಿ ಗಂಟೆಗೆ 90 ಕಿಲೋಮೀಟರ್ ಬೀಸಿತೆಂದರೆ ಒಂದು ಚದರ ಮೀಟರಿಗೆ 38 ಕಿಲೋ ಒತ್ತಡ. ಚಾವಣಿ 13 ಚದರ ಮೀಟರ್. ಅಂದರೆ ಅದನ್ನು ಮೇಲಕ್ಕೆ ಎತ್ತುವ ಬಲ ಸುಮಾರು 500 ಕಿಲೋ. ಒಂದು ಬದಿ ತೆರೆದ ಶೆಡ್ಡಾದರೆ ಒಳಗೆ ತುಂಬಿದ ಗಾಳಿಯೂ ಕೆಳಗಿನಿಂದ ದೂಡುತ್ತದೆ. ಹತ್ತು ಕಿಲೋದ ಹತ್ತು ಕಲ್ಲು ಇಟ್ಟರೂ 100 ಕಿಲೋ. ಪತ್ರಾಸು ಎದ್ದೇ ಏಳುತ್ತದೆ, ಏಳುವಾಗ ಕಲ್ಲು ಕೆಳಗೆ ಮಲಗಿದವರ ಮೇಲೆ ಬೀಳುತ್ತದೆ. ನಮ್ಮ ಭಾಗದಲ್ಲಿ ಹೀಗೆ ಜೀವ ಹೋದದ್ದುಂಟು.

ಚಾವಣಿಯನ್ನು ಹೊತ್ತು ನಿಲ್ಲಿಸುವುದಕ್ಕಿಂತ ಹಿಡಿದು ನಿಲ್ಲಿಸುವುದು ಮುಖ್ಯ. ಪತ್ರಾಸು ಪೈಪನ್ನು, ಪೈಪು ಜಂತಿಯನ್ನು, ಜಂತಿ ಕಂಬವನ್ನು, ಕಂಬ ಕಾಂಕ್ರೀಟನ್ನು ಬಿಡದಂತೆ ಹಿಡಿಯಬೇಕು. ಇದರಲ್ಲಿ ಒಂದು ಕೊಂಡಿ ಸಡಿಲಿದ್ದರೆ ಉಳಿದ ಮೂರು ವ್ಯರ್ಥ.

ಪತ್ರಾಸಿಗೆ 8 ಮಿಲಿಮೀಟರಿನ ಜೆ ಹುಕ್ಕು. ಪೈಪಾದರೆ ಜೆ, ಆಂಗಲ್ ಆದರೆ ಎಲ್ ಆಕಾರದ್ದು. ಮೊದಲ ಮತ್ತು ಕೊನೆಯ ಸಾಲಿನಲ್ಲಿ ಪತ್ರಾಸಿಗೆ ನಾಲ್ಕು, ನಡುವಿನ ಸಾಲುಗಳಲ್ಲಿ ಎರಡು ಮೂರು. ಗಾಳಿ ಮೊದಲು ಹಿಡಿಯುವುದು ಅಂಚನ್ನು, ಅದರಲ್ಲೂ ಮೂಲೆಯನ್ನು; ಅಲ್ಲಿ ಜಿಪುಣತನ ಬೇಡ. ಪೈಪನ್ನು ಜಂತಿಗೆ ತಂತಿ ಸುತ್ತಿ ಬಿಡಬೇಡಿ, ಯು ಬೋಲ್ಟು ಹಾಕಿ. ಜಂತಿ ಕಂಬದ ಮೇಲೆ ಕೂರುವ ಕಡೆ ಹೆಚ್ಚಿನವರು ಮೊಳೆ ಹೊಡೆದು ಮುಗಿಸುತ್ತಾರೆ. ಮೊಳೆ ಅಡ್ಡ ಎಳೆತ ತಡೆಯುತ್ತದೆ, ಮೇಲಕ್ಕೆ ಎಳೆದರೆ ಹೊಡೆದ ದಾರಿಯಲ್ಲೇ ಹೊರಬರುತ್ತದೆ. ಕಂಬದ ತಲೆಗೆ ಒಂದೂವರೆ ಇಂಚು ಅಗಲ, 3 ಮಿಲಿಮೀಟರ್ ದಪ್ಪದ ಕಬ್ಬಿಣದ ಪಟ್ಟಿಯನ್ನು ಯು ಆಕಾರಕ್ಕೆ ಬಗ್ಗಿಸಿ ವೆಲ್ಡ್ ಮಾಡಿಸಿ. ಜಂತಿ ಅದರೊಳಗೆ ಕೂತ ಮೇಲೆ ಆರಪಾರ 12 ಮಿಲಿಮೀಟರಿನ ಎರಡು ಬೋಲ್ಟು ಹಾಯಿಸಿ.

ಕಂಬದ ಬುಡಕ್ಕೆ ಒಂದು ಗೇಣು ಉದ್ದದ ಸರಳನ್ನು ಅಡ್ಡಲಾಗಿ ವೆಲ್ಡ್ ಮಾಡಿ. ಅದಿಲ್ಲದಿದ್ದರೆ ನುಣುಪಾದ ಪೈಪು ಕಾಂಕ್ರೀಟಿನಿಂದ ಕಿತ್ತು ಬರಬಹುದು. ಕಾಂಕ್ರೀಟು ಒಂದೂವರೆ ಅಡಿ ಉದ್ದ, ಅಗಲ, ಆಳ. ಒಂದೊಂದು 230 ಕಿಲೋ ಆಗುತ್ತದೆ, ಎಂಟಕ್ಕೆ 1,800 ಕಿಲೋ ಮೀರುತ್ತದೆ. 1:2:4 ಪ್ರಮಾಣದಲ್ಲಿ ಸಿಮೆಂಟ್, ಉಸುಕು, ಖಡಿ ಕಲೆಸಿದರೆ ಎಲ್ಲ ಕುಣಿಗೂ 5 ಚೀಲ ಸಿಮೆಂಟ್ ಬೇಕು. ಕೆಡವಿದ ಮನೆಯ ಕಲ್ಲಿನ ಚೂರುಗಳನ್ನು ತೊಳೆದು ನಡುನಡುವೆ ಹುದುಗಿಸಿದರೆ ಒಂದು ಚೀಲ ಉಳಿಯುತ್ತದೆ. ಕಲ್ಲು ಕಂಬಕ್ಕೆ ತಾಗದಿರಲಿ, ಕಂಬದ ಸುತ್ತ ಬರೀ ಕಾಂಕ್ರೀಟು ಇರಲಿ. ಸಿಮೆಂಟು ಮತ್ತು ಬೋಲ್ಟು, ಇವೆರಡನ್ನು ಮಾತ್ರ ಹೊಸದಾಗಿ ಕೊಳ್ಳಿ. ಹಳೇ ಶೆಡ್ಡಿನಿಂದ ಬಿಚ್ಚಿದ ಹುಕ್ಕಿನ ಎಳೆ ಸವೆದಿರುತ್ತದೆ, ವಾಶರ್ ಬಿರುಕು ಬಿಟ್ಟಿರುತ್ತದೆ.

ಪ್ರಶ್ನೆ: ನಮ್ಮದು ಎರಿ (ಕಪ್ಪು ಜೇಡಿ) ನೆಲ. ಹಿಂದೆ ಕಟ್ಟಿದ್ದ ಶೆಡ್ಡಿನ ಗೋಡೆ ಮೂಲೆಯಿಂದ ಮೂಲೆಗೆ ಸೀಳಿತು. ಮಳೆಗಾಲದಲ್ಲಿ ಬಾಗಿಲು ಹಾಕಲು ಬರುತ್ತಿರಲಿಲ್ಲ. ಗೌಂಡಿ ಇಟ್ಟಿಗೆ ಹಳೆಯದೆಂದು ಹೀಗಾಯಿತು ಅನ್ನುತ್ತಾನೆ. (ಇಂಡಿಯ ಓದುಗರು)

ಉತ್ತರ: ಇಟ್ಟಿಗೆಯ ತಪ್ಪಲ್ಲ. ಎರಿ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಗೋಡೆಯ ಸುತ್ತಲಿನ ಮಣ್ಣು ನೆನೆದು ನಡುವಿನದು ಒಣಗಿಯೇ ಇದ್ದರೆ ಮೂಲೆ ಏಳುತ್ತದೆ. ಹೊಸ ಇಟ್ಟಿಗೆಯೂ ಆಗ ಸೀಳುತ್ತದೆ.

ಮಣ್ಣು ಎಷ್ಟು ಉಬ್ಬುತ್ತದೆಂದು ಮನೆಯಲ್ಲೇ ನೋಡಬಹುದು. ಒಣಗಿಸಿ, ಕುಟ್ಟಿ, ಹಿಟ್ಟಿನ ಜರಡಿಯಲ್ಲಿ ಸೋಸಿದ ಮಣ್ಣನ್ನು ನೇರ ಮೈಯ ಎರಡು ಗಾಜಿನ ಲೋಟಕ್ಕೆ ಸಮನಾಗಿ ಎರಡೆರಡು ಚಮಚ ಹಾಕಿ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಗಾಳಿ ಗುಳ್ಳೆ ಹೋಗುವಂತೆ ಕಲಕಿ ಒಂದು ದಿನ ಬಿಡಿ. ಸೀಮೆಎಣ್ಣೆಯಲ್ಲಿ ಜೇಡಿ ಉಬ್ಬುವುದಿಲ್ಲ. ನೀರಿನ ಲೋಟದ ಮಣ್ಣು ಅದರ ಒಂದೂವರೆ ಪಟ್ಟು ಎತ್ತರಕ್ಕೆ ಬಂದಿದ್ದರೆ ಆ ನೆಲದ ಮೇಲೆ ನೇರವಾಗಿ ಗೋಡೆ ಎಬ್ಬಿಸಬೇಡಿ. ಪ್ರಯೋಗಾಲಯದಲ್ಲಿ ತೂಕ, ಅಳತೆ ಕರಾರುವಾಕ್ಕಾಗಿರುತ್ತವೆ, ಕ್ರಮ ಮಾತ್ರ ಇದೇ.

ನಾಲ್ಕು ಅಡಿಯೊಳಗೆ ಗರಸು (ಹರಳು ಬೆರೆತ ಗಟ್ಟಿ ಮಣ್ಣು) ಸಿಕ್ಕರೆ ಕಂಬದ ಕುಣಿ ಅಲ್ಲಿಯವರೆಗೂ ಹೋಗಲಿ. ಸಿಗದಿದ್ದರೆ ಮೂರು ಅಡಿ ತೋಡಿ, ತಳಕ್ಕೆ ಒಂದು ಅಡಿ ಗರಸನ್ನು ಅರ್ಧರ್ಧ ಅಡಿಯ ಪದರಾಗಿ ನೀರು ಚಿಮುಕಿಸಿ ದಮ್ಮಸು ಹಾಕಿ, ಅದರ ಮೇಲೆ ಕಾಂಕ್ರೀಟು. ಮೇಲಿನ ಅರ್ಧ ಅಡಿಗೂ ಗರಸೇ. ತೋಡಿದ ಎರಿ ಮಣ್ಣನ್ನು ತಿರುಗಿ ತುಂಬಬೇಡಿ, ನೆಲಗಟ್ಟಿಗಂತೂ ಮುಟ್ಟಲೇಬೇಡಿ.

ಇಟ್ಟಿಗೆಯನ್ನು ಎರಡೂವರೆ ಅಡಿಗೆ ನಿಲ್ಲಿಸಿ, ಮೇಲೆ ಪತ್ರಾಸಿನ ಗೋಡೆ ಮಾಡಿ. ಇಟ್ಟಿಗೆ ಮತ್ತು ಕಂಬದ ನಡುವೆ ಅರ್ಧ ಇಂಚು ಸಂದು ಬಿಡಿ, ಗಿಲಾವು ತುಂಬಬೇಡಿ. ಬಾಗಿಲ ಚೌಕಟ್ಟನ್ನು ಗೋಡೆಗೆ ಹುಗಿಯದೆ ಎರಡು ಕಂಬಗಳಿಗೆ ಬೋಲ್ಟ್ ಮಾಡಿ. ಗೋಡೆ ತುಸು ಅಲುಗಿದರೂ ಬಾಗಿಲು ಕಚ್ಚುವುದಿಲ್ಲ. ಶೆಡ್ಡಿನ ಸುತ್ತ ಮೂರು ಅಡಿ ಅಗಲಕ್ಕೆ ಹಳೇ ಶಹಾಬಾದಿ ಫರಸಿಯನ್ನು ಹೊರಕ್ಕೆ ಒಂದೂವರೆ ಇಂಚು ಇಳುಕಲಾಗಿ ಹಾಸಿ, ಬಚ್ಚಲ ನೀರು ಆ ಕಡೆ ಹರಿಯದಂತೆ ನೋಡಿಕೊಳ್ಳಿ.

ಪ್ರಶ್ನೆ: ಹಳೇ ಸಿಮೆಂಟ್ ಪತ್ರಾಸು ಪುಕ್ಕಟೆ ಸಿಗುತ್ತಿವೆ. ಕೆಲವು ಒಡೆದಿವೆ. ಕೊಯ್ದು ಹಾಕಬಹುದೇ? (ಬಾಗಲಕೋಟೆಯ ಓದುಗರು)

ಉತ್ತರ: ತರಲೇಬೇಡಿ. ಹಳೇ ಸಿಮೆಂಟ್ ಪತ್ರಾಸಿನಲ್ಲಿ ಆಸ್ಬೆಸ್ಟಾಸ್ ನಾರು ಇರುತ್ತದೆ. ಕೊಯ್ದಾಗ, ತೂತು ಕೊರೆದಾಗ ಏಳುವ ಧೂಳಿನಲ್ಲಿ ಆ ನಾರು ಶ್ವಾಸಕೋಶ ಸೇರುತ್ತದೆ. ಅದರಿಂದ ಬರುವ ಕ್ಯಾನ್ಸರ್ ದಶಕಗಳ ನಂತರ ಕಾಣಿಸಿಕೊಳ್ಳುತ್ತದೆ. ಈಗಾಗಲೇ ಮನೆಗೆ ಬಂದಿದ್ದರೆ ಒಡೆಯಬೇಡಿ, ತಿಕ್ಕಬೇಡಿ, ಒಣಗಿದ್ದಾಗ ಗುಡಿಸಬೇಡಿ. ನೀರು ಚಿಮುಕಿಸಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಿ.

ಪ್ರಶ್ನೆ: ಹಳೇ ಪತ್ರಾಸಿನ ಒಳಮೈ ಹೊಳಪಾಗಿದೆಯೆಂದು ಮಗುಚಿ ಹಾಕಿದೆವು. ಪ್ರತಿ ತೂತಿನಿಂದ ಸೋರುತ್ತಿದೆ. (ರಾಯಬಾಗದ ಓದುಗರು)

ಉತ್ತರ: ತೂತು ಯಾವಾಗಲೂ ಉಬ್ಬಿನ ಮೇಲಿರಬೇಕು, ಏಕೆಂದರೆ ನೀರು ಹರಿಯುವುದು ತಗ್ಗಿನಲ್ಲಿ. ಮಗುಚಿದಾಗ ಉಬ್ಬು ತಗ್ಗಾಯಿತು, ತೂತುಗಳೆಲ್ಲ ನೀರಿನ ದಾರಿಗೆ ಬಂದವು. ಬಿಚ್ಚಿ ಮೊದಲಿನಂತೆ ತಿರುಗಿಸಿ. ಹಳೇ ತೂತು ಹೊಸ ಪೈಪಿನ ಸಾಲಿಗೆ ಬಂದರೆ ಅದರಲ್ಲೇ ಹುಕ್ಕು ಹಾಕಿ: ಪತ್ರಾಸಿಗೆ ತಾಗುವಂತೆ ಡಾಂಬರು ವಾಶರ್, ಅದರ ಮೇಲೆ ಬೋಗುಣಿ ಆಕಾರದ ತಗಡಿನ ವಾಶರ್, ಆಮೇಲೆ ನಟ್ಟು. ಸಾಲಿಗೆ ಬಾರದ ತೂತಿಗೆ ಗಿಡ್ಡ ಬೋಲ್ಟೊಂದನ್ನು ಎರಡೂ ಬದಿ ರಬ್ಬರ್ ವಾಶರ್ ಹಾಕಿ ಬಿಗಿಯಿರಿ. ವಾಶರ್ ಅಂಚಿನಿಂದ ಹೊರಗೆ ಉಬ್ಬುವಷ್ಟು ಬಿಗಿದರೆ ಹೆಚ್ಚಾಯಿತು. ಒಂದು ಬೇಸಿಗೆಯ ಬಿಸಿಲಿಗೆ ಅದು ಸೀಳಿ ಮತ್ತೆ ಸೋರುತ್ತದೆ.

ಪ್ರಶ್ನೆ: ಹಳೇ ಇಟ್ಟಿಗೆಯ ಗೋಡೆಯಲ್ಲಿ ಬಿಳಿ ಪುಡಿ ಏಳುತ್ತಿದೆ. (ಜಮಖಂಡಿಯ ಓದುಗರು)

ಉತ್ತರ: ಸವಳು ನೆಲದ ಉಪ್ಪು. ಹಳೇ ಗೋಡೆಯ ಕೆಳಗಿನ ಮೂರು ನಾಲ್ಕು ವರಸೆಯ ಇಟ್ಟಿಗೆ ಅದನ್ನು ಹೀರಿರುತ್ತದೆ. ಕೆಡವುವಾಗಲೇ ಅವನ್ನು ಬೇರೆ ರಾಶಿ ಹಾಕಬೇಕಿತ್ತು. ಇನ್ನು ಮುಂದೆ ಬಳಸುವ ಮೊದಲು ರಾಶಿಯಿಂದ ನಾಲ್ಕೈದು ಇಟ್ಟಿಗೆ ಆರಿಸಿ, ಒಂದು ಇಂಚು ಮಳೆನೀರು ಇರುವ ತಟ್ಟೆಯಲ್ಲಿ ನೆಟ್ಟಗೆ ನಿಲ್ಲಿಸಿ. ನೀರು ಪೂರ್ತಿ ಆರಿದ ಮೇಲೆ ಇನ್ನೊಮ್ಮೆ ಹಾಕಿ ಆರಲು ಬಿಡಿ. ಮೈಮೇಲೆ ಬಿಳಿ ಪೊರೆ ದಪ್ಪವಾಗಿ ಕಂಡರೆ ಆ ರಾಶಿಯನ್ನು ಗೋಡೆಗೆ ಬಳಸಬೇಡಿ. ಈಗಿರುವ ಗೋಡೆಯನ್ನು ಒಣ ಬ್ರಶ್ಶಿನಿಂದ ತಿಕ್ಕಿ. ತೊಳೆದರೆ ಉಪ್ಪು ಕರಗಿ ಮತ್ತೆ ಒಳಕ್ಕೆ ಹೋಗುತ್ತದೆ.